ಹೊಲದಲ್ಲಿ ಬಿದ್ದಿದ್ದ ದೋಣಿ ಲೋಕ ಸುತ್ತಿದ್ದು ಹೇಗೆ?

1892ರ ಚಳಿಗಾಲ. ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಒಬ್ಬ ಹಡಗಿನ ಕಪ್ತಾನ ಕೆಲಸವಿಲ್ಲದೆ ಓಡಾಡುತ್ತಿದ್ದ. ಹೆಸರು ಜೋಶುವಾ ಸ್ಲೋಕಮ್, ವಯಸ್ಸು 48. ಹುಟ್ಟಿದ್ದು ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಅಪ್ಪ ಬೂಟು ಹೊಲಿದು ಸಂಸಾರ ಸಾಕುತ್ತಿದ್ದವನು. ಮಗ ಹುಡುಗನಾಗಿದ್ದಾಗಲೇ ಸಮುದ್ರದ ಕೆಲಸಕ್ಕೆ ಹೋದ. ಮುಂದೆ ದೊಡ್ಡ ದೊಡ್ಡ ಹಾಯಿ ಹಡಗುಗಳಿಗೆ ಕಪ್ತಾನನಾದ.

ಆದರೆ ಅಷ್ಟರಲ್ಲಿ ಕಾಲ ತಿರುಗಿತ್ತು. ಉಗಿ ಹಡಗುಗಳು ಬಂದು ಗಾಳಿಯಿಂದ ಓಡುವ ಹಡಗುಗಳ ಬಾಡಿಗೆಯನ್ನೆಲ್ಲ ಕಿತ್ತುಕೊಂಡಿದ್ದವು. ಸ್ಲೋಕಮ್ ಹಾಯಿ ಬಿಟ್ಟು ಉಗಿಗೆ ಹೋಗಲಿಲ್ಲ. ಅವನ ಸ್ವಂತ ಹಡಗು ‘ಅಕ್ವಿಡ್ನೆಕ್’ 1887ರ ಕೊನೆಯಲ್ಲಿ ಬ್ರೆಜಿಲ್ ತೀರದಲ್ಲಿ ಒಡೆದುಹೋಗಿತ್ತು. ಕೈಯಲ್ಲಿ ವಿದ್ಯೆ ಇದೆ, ಆದರೆ ಆ ವಿದ್ಯೆಯನ್ನು ಕೊಳ್ಳುವವರಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಗಾಡಿ ಮಾಡುವ ಬಡಗಿಗಳ ಪಾಡು ಏನಾಯಿತು ಎಂಬುದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಪರಿಚಯದ ಒಬ್ಬ ಹಿರಿಯ ಕಪ್ತಾನ, ಈಬೆನ್ ಪಿಯರ್ಸ್ ಎಂಬಾತ, ಸಿಕ್ಕಿದ. ಫೇರ್‌ಹೇವನ್ ಊರಿಗೆ ಬಂದರೆ ಒಂದು ಹಡಗು ಕೊಡುತ್ತೇನೆ, ಆದರೆ ಸ್ವಲ್ಪ ರಿಪೇರಿ ಇದೆ ಎಂದ. ಸ್ಲೋಕಮ್ ಮರುದಿನವೇ ಹೊರಟ. ಹೋಗಿ ನೋಡಿದರೆ ಹಡಗು ನೀರಿನಲ್ಲೇ ಇರಲಿಲ್ಲ. ದಂಡೆಯಿಂದ ದೂರ, ಒಂದು ಹೊಲದಲ್ಲಿ, ಕಂಬಗಳ ಆಸರೆ ಕೊಟ್ಟು ನಿಲ್ಲಿಸಿದ್ದರು. ಮೇಲೆ ಹಳೇ ಬಟ್ಟೆ ಹೊದಿಸಿತ್ತು. ಏಳು ವರ್ಷದಿಂದ ಅದು ಹಾಗೇ ಇತ್ತು. ಹೆಸರು ‘ಸ್ಪ್ರೇ’. ಸಿಂಪಿ ಹಿಡಿಯಲು ಬಳಸುತ್ತಿದ್ದ ಹಳೇ ಕಾಲದ ಹಾಯಿದೋಣಿ. ನೂರು ವರ್ಷದ ಹಿಂದಿನದು ಎನ್ನುವ ಮಾತೂ ಇತ್ತು.

ಊರವರು ಬಂದು ಕೇಳಿದರು: ಒಡೆದು ಸೌದೆ ಮಾಡುತ್ತೀಯಾ? ಇಲ್ಲ, ಮತ್ತೆ ಕಟ್ಟುತ್ತೇನೆ ಎಂದ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನಿಗೆ ಎದುರಾದದ್ದು ಒಂದೇ ಪ್ರಶ್ನೆ. ಇದು ಗಿಟ್ಟುತ್ತದೆಯೇ?

ಮೊದಲು ಎಲುಬು

ಹಳೇ ದೋಣಿ ಕೈಗೆ ಬಂದವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಬಣ್ಣಕ್ಕೆ. ಸ್ಲೋಕಮ್ ಮೊದಲು ಕೊಡಲಿ ಹಿಡಿದ. ಹತ್ತಿರದಲ್ಲೇ ಗಟ್ಟಿಯಾದ ಓಕ್ ಮರವೊಂದನ್ನು ಕಡಿದು ದೋಣಿಯ ಅಡಿಮರ ಮಾಡಿದ. ದೋಣಿಯ ತಳದಲ್ಲಿ ಹಿಂದಿನಿಂದ ಮುಂದಿನವರೆಗೆ ಓಡುವ ಆ ದಪ್ಪ ಮರವೇ ಅದಕ್ಕೆ ಬೆನ್ನುಮೂಳೆ. ಅದು ಕೆಟ್ಟಿದ್ದರೆ ಮೇಲೆ ಏನು ಮಾಡಿದರೂ ವ್ಯರ್ಥ. ಮರ ಎಳೆದು ತಂದುಕೊಟ್ಟವನು ಅದೇ ಊರಿನ ಒಬ್ಬ ರೈತ. ಕೊಂಚ ದುಡ್ಡು ತೆಗೆದುಕೊಂಡ.

ಬೆನ್ನುಮೂಳೆಯಾದ ಮೇಲೆ ಪಕ್ಕೆಲುಬು. ಎಳೆಯ, ನೆಟ್ಟನೆಯ ಓಕ್ ಗಿಡಗಳನ್ನು ಕಡಿದು ಕೆತ್ತಿ, ಹಬೆಯ ಪೆಟ್ಟಿಗೆಯಲ್ಲಿಟ್ಟು ಬೇಯಿಸಿದ. ಹಬೆ ಹಿಡಿದ ಹಸಿಮರ ಬೆತ್ತದಂತೆ ಬಾಗುತ್ತದೆ. ಬಿಸಿ ಇರುವಾಗಲೇ ದಿಮ್ಮಿಯೊಂದರ ಮೇಲೆ ಬಗ್ಗಿಸಿ ಕಟ್ಟಿ, ಆರುವ ತನಕ ಬಿಟ್ಟ. ಆರಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಹಬೆ ಬರಿಸಲು ಅವನಿಗಿದ್ದದ್ದು ಒಂದು ಹಂಡೆ, ಅಷ್ಟೆ.

ದೋಣಿಯ ಮೂತಿಗೆ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ಬೆಳೆದ ಓಕ್ ಮರ ಆರಿಸಿದ. ಕಾಡಿನ ಗುಂಪಿನಲ್ಲಿ ಬೆಳೆದದ್ದಕ್ಕಿಂತ ಬಯಲಿನಲ್ಲಿ ಗಾಳಿಗೆ ಎದೆಕೊಟ್ಟು ಬೆಳೆದ ಮರ ಹೆಚ್ಚು ಗಟ್ಟಿ. ಐದು ವರ್ಷದ ಮೇಲೆ, ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳ ಬಳಿ, ಈ ಮೂತಿ ಹವಳದ ಬಂಡೆಯೊಂದಕ್ಕೆ ಬಡಿಯಿತು. ಸೀಳಿದ್ದು ಹವಳ. ಮರಕ್ಕೆ ಗೀರೂ ಬೀಳಲಿಲ್ಲ.

ಎಲುಬಿನ ಮೇಲೆ ಚರ್ಮ. ಒಂದೂವರೆ ಇಂಚು ದಪ್ಪದ ಪೈನ್ ಹಲಗೆಗಳನ್ನು ಹೊದಿಸಿದ. ಹಲಗೆ ಹಲಗೆ ಕೂಡುವ ಕಡೆ ಬರೀ ಮೊಳೆ ಹೊಡೆಯದೆ ಬೋಲ್ಟ್ ಹಾಕಿ ನಟ್ ಬಿಗಿದ. ಸಾವಿರದಷ್ಟು ಬೋಲ್ಟುಗಳು ಹಿಡಿದವು. ಆಮೇಲೆ ಸಂದು ತುಂಬುವ ಕೆಲಸ. ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಎಳೆ ತುರುಕಿ, ಅದರ ಮೇಲೆ ಹಳೇ ಹಗ್ಗ ಬಿಡಿಸಿ ತೆಗೆದ ನಾರನ್ನು ಬಡಿದು ಕೂರಿಸಬೇಕು. ನೀರಿಗೆ ಬಿದ್ದಾಗ ಮರ ಉಬ್ಬುತ್ತದೆ, ಸಂದು ತಾನೇ ಬಿಗಿಯುತ್ತದೆ. ಹತ್ತಿ ಜಾರಿ ಹೊರಗೆ ಬರುತ್ತದೆ ಎಂದು ನೋಡಲು ಬಂದ ಹಳೇ ಕಸುಬುದಾರರು ತಲೆಯಾಡಿಸಿದರು. ಆತ ಕೇಳಿಸಿಕೊಂಡು ಬಡಿಯುತ್ತಲೇ ಇದ್ದ.

ಕೊನೆಗೆ ಬಂದದ್ದು ಬಣ್ಣ. ನೀರಿನೊಳಗಿರುವ ಭಾಗಕ್ಕೆ ತಾಮ್ರ ಬೆರೆತ ಬಣ್ಣ ಬಳಿದ. ಇದು ಅಂದಕ್ಕಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಒಂದು ಜೀವಿ ಇದೆ, ಗೆದ್ದಲಿನ ಅಣ್ಣ ಎನ್ನಬಹುದು. ಅದನ್ನು ದೂರ ಇಡುವುದು ತಾಮ್ರ.

ಹಳೆಯದೋ ಹೊಸದೋ?

ಕೆಲಸಕ್ಕೆ 13 ತಿಂಗಳು ಹಿಡಿಯಿತು. ಸಾಮಾನಿಗೆ ಬಿದ್ದ ಖರ್ಚು 553 ಡಾಲರ್ 62 ಸೆಂಟ್. ಕೂಲಿ ಪೂರ್ತಿ ಅವನದೇ. ನಡುನಡುವೆ ಕೈ ಖರ್ಚಿಗಾಗಿ ಬೇರೆ ಹಡಗುಗಳ ಕೆಲಸಕ್ಕೂ ಹೋಗಿಬಂದ.

ಹಳೇ ಹಲಗೆ ತೆಗೆದು ಹೊಸದು, ಹಳೇ ಪಕ್ಕೆ ತೆಗೆದು ಹೊಸದು. ಹೀಗೆ ಮಾಡುತ್ತ ಹೋದರೆ ಹಳೇ ದೋಣಿ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು? ಅವನಿಗೇ ಗುರುತಿಸಲಾಗಲಿಲ್ಲ. ಆದರೆ ಹಡಗುಗಳ ದಾಖಲೆ ಇಡುವ ಲಾಯ್ಡ್ಸ್ ಸಂಸ್ಥೆಯ ಲೆಕ್ಕ ಸರಳವಾಗಿತ್ತು. ಹಳೆಯದನ್ನು ಸ್ವಲ್ಪ ಸ್ವಲ್ಪವಾಗಿ ರಿಪೇರಿ ಮಾಡುತ್ತ ಪೂರ್ತಿ ಹೊಸದಾದರೂ ಹೆಸರು ಹಳೆಯದೇ. ಹೀಗಾಗಿ ಅದು ‘ಸ್ಪ್ರೇ’ಯಾಗಿಯೇ ಉಳಿಯಿತು.

ಆಕಾರವನ್ನೂ ಅವನು ಹೆಚ್ಚುಕಡಿಮೆ ಹಾಗೇ ಉಳಿಸಿದ. ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ಒಂದೇ ಒಂದು ದೊಡ್ಡ ಬದಲಾವಣೆ: ದೋಣಿಯ ಗೋಡೆಯನ್ನು ನಡುವೆ ಒಂದು ಅಡಿ, ಮುಂದೆ 18 ಇಂಚು, ಹಿಂದೆ 14 ಇಂಚು ಎತ್ತರಿಸಿದ. ಸಿಂಪಿ ಹಿಡಿಯುವ ದೋಣಿ ದಂಡೆಯ ಹತ್ತಿರವೇ ಓಡಾಡುವಂಥದ್ದು. ನಡುಸಮುದ್ರದ ಅಲೆ ಒಳಗೆ ನುಗ್ಗಬಾರದು ಎಂದರೆ ಗೋಡೆ ಏರಬೇಕು. ಕೆಲಸ ಬದಲಾದಾಗ ಏನು ಬದಲಾಗಬೇಕೋ ಅಷ್ಟನ್ನೇ ಬದಲಿಸಿದ.

ದುಡ್ಡು ಎಲ್ಲಿ ಹಿಡಿದ ನೋಡಿ

ದೋಣಿ ಸಿದ್ಧವಾದ ಮೇಲೆ ಒಂದು ಹಂಗಾಮು ಮೀನು ಹಿಡಿಯಲು ಹೋದ. ಗಿಟ್ಟಲಿಲ್ಲ. ಊರವರ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಂತಾಯಿತು. ಆದರೆ ಸ್ಲೋಕಮ್ ಬೇರೆಯೇ ಲೆಕ್ಕ ಹಾಕಿದ. ಒಬ್ಬನೇ ಲೋಕ ಸುತ್ತಿ ಬರುತ್ತೇನೆಂದು ತೀರ್ಮಾನಿಸಿ 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟ. ಅಲ್ಲಿಯವರೆಗೆ ಯಾರೂ ಒಂಟಿಯಾಗಿ ಹಾಯಿದೋಣಿಯಲ್ಲಿ ಲೋಕ ಸುತ್ತಿರಲಿಲ್ಲ.

ನಡುಸಮುದ್ರದಲ್ಲಿ ತಾನು ಎಲ್ಲಿದ್ದೇನೆ ಎಂದು ತಿಳಿಯಲು ಆ ಕಾಲದಲ್ಲಿ ಕರಾರುವಾಕ್ಕಾದ ಗಡಿಯಾರ ಬೇಕಿತ್ತು. ಅವನ ಬಳಿ ಅಂಥ ಹಳೇ ಗಡಿಯಾರ ಇತ್ತು. ಅದನ್ನು ಸರಿಮಾಡಿಸಲು 15 ಡಾಲರ್ ಕೇಳಿದರು. ಬಿಟ್ಟುಬಿಟ್ಟ. ನೋವಾ ಸ್ಕೋಷಿಯಾದ ಯಾರ್ಮತ್‌ನಲ್ಲಿ ಒಂದು ತಗಡಿನ ಗಡಿಯಾರ ಕೊಂಡ. ಬೆಲೆ ಒಂದೂವರೆ ಡಾಲರ್. ಮುಖದ ಗಾಜು ಒಡೆದಿತ್ತೆಂದು ಅಂಗಡಿಯವನು ಒಂದೇ ಡಾಲರಿಗೆ ಕೊಟ್ಟ. ಚಂದ್ರನನ್ನೂ ನಕ್ಷತ್ರಗಳನ್ನೂ ಅಳೆದು ಲೆಕ್ಕ ಹಾಕುವ ಹಳೇ ವಿದ್ಯೆ ಅವನಿಗೆ ಗೊತ್ತಿತ್ತು. ಹಾಗಾಗಿ ಆ ಗಡಿಯಾರವೇ ಸಾಕಾಯಿತು. ದಂಡೆಗೆ ಹೋಗಿಬರಲು ಚಿಕ್ಕ ದೋಣಿ ಬೇಕಿತ್ತು. ಮೀನುಗಾರರ ದೋಣಿಯೊಂದನ್ನು ಅರ್ಧಕ್ಕೆ ಕೊಯ್ದು, ಕೊಯ್ದ ಕಡೆ ಹಲಗೆ ಹೊಡೆದ. ಅದರಲ್ಲೇ ಬಟ್ಟೆ ಒಗೆದ, ಅದರಲ್ಲೇ ಸ್ನಾನ ಮಾಡಿದ.

ಮರಕ್ಕೆ, ಬೋಲ್ಟಿಗೆ, ತಾಮ್ರದ ಬಣ್ಣಕ್ಕೆ ಅವನು ಕೈ ಹಿಡಿಯಲಿಲ್ಲ. ಅವು ಕೈಕೊಟ್ಟರೆ ಪ್ರಾಣ ಹೋಗುತ್ತದೆ. ಗಡಿಯಾರ ಕೆಟ್ಟರೆ ಅವನ ತಲೆಯಲ್ಲಿ ಅದಕ್ಕೆ ಬದಲಿ ಇತ್ತು.

ದಾರಿಯಲ್ಲೇ ತಿದ್ದುಪಡಿ

ಜಿಬ್ರಾಲ್ಟರ್‌ಗೆ ಬಂದಾಗ ಮುಂದಿನ ದಾರಿಯಲ್ಲಿ ಕಡಲ್ಗಳ್ಳರ ಕಾಟ ಇದೆ ಎಂದು ನೌಕಾಪಡೆಯವರು ಎಚ್ಚರಿಸಿದರು. ಆತ ತಿರುಗಿ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಕಡೆ ಹೊರಟ. ತುದಿಯಲ್ಲಿರುವ ಮೆಗಲನ್ ಜಲಸಂಧಿ ಬಿರುಗಾಳಿಗೆ ಹೆಸರಾದ ಜಾಗ. ಅಲ್ಲಿಗೆ ಹೋಗುವ ಮೊದಲು ಬ್ಯೂನಸ್ ಐರಿಸ್‌ನಲ್ಲಿ ದೋಣಿಯ ಹಾಯಿಕಂಬ ಇಳಿಸಿ ಏಳು ಅಡಿ ಕಡಿದ. ಮೂತಿಯಿಂದ ಮುಂದಕ್ಕೆ ಚಾಚಿದ್ದ ಕೋಲನ್ನು ಸುಮಾರು ಐದು ಅಡಿ ಗಿಡ್ಡ ಮಾಡಿದ.

ಸುಧಾರಣೆ ಎಂದರೆ ದೊಡ್ಡದು ಮಾಡುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಆತ ಚಿಕ್ಕದು ಮಾಡಿದ. ದೊಡ್ಡ ಹಾಯಿಗೆ ನಾಲ್ಕು ಜನರ ಕೈ ಬೇಕು, ಅವನಿಗಿದ್ದದ್ದು ಎರಡೇ ಕೈ. ದೊಡ್ಡ ಹಾಯಿ ಗಿಡ್ಡಾದ ಮೇಲೆ ದೋಣಿಯ ಹಿಂಭಾಗದಲ್ಲಿ ಒಂದು ಚಿಕ್ಕ ಹಾಯಿ ಕಟ್ಟಲು ಯೋಚಿಸಿದ. ಅದಕ್ಕೆ ಬೇಕಾದ ಆಸರೆಯನ್ನು ರಿಯೋದಲ್ಲೇ ಜೋಡಿಸಿಕೊಂಡಿದ್ದ. ಕೇಪ್ ಹಾರ್ನ್ ಕಡೆಯ ಬಿರುಗಾಳಿಗೆ ಅವನ ದೊಡ್ಡ ಹಾಯಿ ಚಿಂದಿಯಾಯಿತು. ಸೂಜಿ ದಾರ ಹಿಡಿದು ತೇಪೆ ಹಾಕಿದ. ಜಲಸಂಧಿಯ ಒಂದು ಕೊಲ್ಲಿಯಲ್ಲಿ ಹಿಂದಿನ ಚಿಕ್ಕ ಹಾಯಿಯನ್ನೂ ಏರಿಸಿದ. 1896ರ ಏಪ್ರಿಲ್ 13ರಂದು ಪೆಸಿಫಿಕ್ ಕಡೆ ಹೊರಟ.

ಉದ್ದನೆಯ ಅಡಿಮರ, ಸರಿಯಾಗಿ ಹಂಚಿದ ಹಾಯಿ, ಎರಡೂ ಸೇರಿದ್ದರ ಫಲ ಆಮೇಲೆ ಕಂಡಿತು. ಚುಕ್ಕಾಣಿ ಹಗ್ಗದಲ್ಲಿ ಕಟ್ಟಿ ಬಿಟ್ಟರೆ ದೋಣಿ ತಾನೇ ನೇರ ಹೋಗುತ್ತಿತ್ತು. ಆಸ್ಟ್ರೇಲಿಯಾದ ಉತ್ತರ ತುದಿಯಿಂದ ಕೀಲಿಂಗ್‌ವರೆಗಿನ 2,700 ಮೈಲಿಯನ್ನು 23 ದಿನದಲ್ಲಿ ದಾಟಿದ. ಅಷ್ಟೂ ದಿನದಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಮೂರು ಗಂಟೆಗಿಂತ ಹೆಚ್ಚಿಲ್ಲ. ಎಂಜಿನ್ ಇಲ್ಲ, ಯಂತ್ರವಿಲ್ಲ.

ಅದಕ್ಕೂ ಮೊದಲು ಟಾಸ್ಮೇನಿಯಾದ ಡೆವನ್‌ಪೋರ್ಟ್‌ನಲ್ಲಿ ದೋಣಿಯನ್ನು ದಂಡೆಗೆ ಎಳೆದು, ತಳದಿಂದ ತುದಿಯವರೆಗೆ ಪರೀಕ್ಷೆ ಮಾಡಿದ್ದ. ಹುಳ ಹಿಡಿದಿರಲಿಲ್ಲ. ಆದರೂ ಮುಂದೆ ಬೆಚ್ಚನೆ ಸಮುದ್ರ ಇದೆ ಎಂದು ಇನ್ನೊಂದು ಸಲ ತಾಮ್ರದ ಬಣ್ಣ ಬಳಿದ. ಈ ಇಡೀ ಕತೆಯಲ್ಲಿ ನಮಗೆ ಮುಖ್ಯ ಅನ್ನಿಸಿದ್ದು ಈ ಒಂದು ದಿನದ ಕೆಲಸ. ಕೆಟ್ಟ ಮೇಲೆ ರಿಪೇರಿ ಮಾಡುವವರು ಊರಿಗೆ ಹತ್ತು ಜನ. ಕೆಡದೇ ಇರುವಾಗ ಮಲಗಿ ತಳ ನೋಡುವವರು ಅಪರೂಪ.

1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ತಲುಪಿದ. ಮೂರು ವರ್ಷ ಎರಡು ತಿಂಗಳು, 46,000 ಮೈಲಿ. ಆಸ್ಟ್ರೇಲಿಯಾ ದಾಟಿದ ಮೇಲೆ ನೀರು ಹೊರಹಾಕುವ ಪಂಪನ್ನು ಜೋಡಿಸುವ ಅಗತ್ಯವೇ ಬಿದ್ದಿರಲಿಲ್ಲ. ಹತ್ತಿ ಜಾರಿರಲಿಲ್ಲ. ಜುಲೈ 3ರಂದು ಫೇರ್‌ಹೇವನ್‌ಗೆ ಹೋಗಿ, ದೋಣಿ ಮೊದಲು ನೀರಿಗಿಳಿದಾಗ ಕಟ್ಟಿದ್ದ ಅದೇ ಗೂಟಕ್ಕೆ ಕಟ್ಟಿದ.

ಆಮೇಲೆ

ಪ್ರಯಾಣದ ಬಗ್ಗೆ ಬರೆದ ಪುಸ್ತಕ 1900ರಲ್ಲಿ ಬಂತು, ಹೆಸರಾಯಿತು. 1902ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಜಮೀನು ಮಾಡಿದ. ಮೀನಿನಿಂದ ಗಿಟ್ಟದ ದೋಣಿ ಕತೆಯಿಂದ ಗಿಟ್ಟಿತು.

ಆದರೆ ಜಮೀನಿನಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಚಳಿಗಾಲ ಬಂದರೆ ‘ಸ್ಪ್ರೇ’ ಹತ್ತಿ ಬೆಚ್ಚನೆಯ ದಕ್ಷಿಣಕ್ಕೆ ಹೋಗುತ್ತಿದ್ದ. ಆ ದಿನಗಳಲ್ಲಿ ದೋಣಿಯನ್ನು ಕಂಡವರು ಬರೆದಿಟ್ಟ ಮಾತು ಬೇಸರ ತರುತ್ತದೆ. ಕೊಳಕಾಗಿತ್ತು, ಹಗ್ಗಗಳು ಸವೆದಿದ್ದವು, ಮೊದಲಿನ ಆರೈಕೆ ಕಾಣುತ್ತಿರಲಿಲ್ಲ. ಮನುಷ್ಯನೂ 65 ದಾಟಿದ್ದ. 1909ರ ನವೆಂಬರ್‌ನಲ್ಲಿ ಅದೇ ದ್ವೀಪದಿಂದ ಒಬ್ಬನೇ ಹೊರಟವನು ಮತ್ತೆ ಕಾಣಿಸಲಿಲ್ಲ. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. 1924ರಲ್ಲಿ ಕಾನೂನು ಅವನು ಸತ್ತನೆಂದು ಘೋಷಿಸಿತು. ಉಗಿ ಹಡಗು ಡಿಕ್ಕಿಯಾಯಿತು ಎನ್ನುವವರಿದ್ದಾರೆ, ಹಲಗೆಯೇ ಕೈಕೊಟ್ಟಿತು ಎನ್ನುವವರಿದ್ದಾರೆ. ಸಾಕ್ಷಿ ಯಾವುದಕ್ಕೂ ಇಲ್ಲ.

ನಿಮ್ಮ ಕೈಗೂ ನಾಳೆ ಯಾರಾದರೂ ಹಳೆಯದೊಂದನ್ನು ಕೊಡಬಹುದು. ದೋಣಿಯೇ ಆಗಬೇಕಿಲ್ಲ. ತೊಲೆ ಹಳತಾದ ಮನೆ, ಯಾರೋ ಬಿಟ್ಟುಹೋದ ಟ್ರ್ಯಾಕ್ಟರ್, ತಾತನ ಕಾಲದ ಪಂಪ್‌ಸೆಟ್. ಸ್ಲೋಕಮ್‌ನ ಸಾಲು ನೆನಪಿರಲಿ. ಮೊದಲು ಎಲುಬು, ಆಮೇಲೆ ಸಂದು, ಕೊನೆಗೆ ಬಣ್ಣ. ಎಲ್ಲ ಮುಗಿದು ಚೆನ್ನಾಗಿ ಓಡುತ್ತಿದೆ ಅನ್ನಿಸಿದ ದಿನವೇ ವರ್ಷಕ್ಕೊಮ್ಮೆ ತಳ ನೋಡುವುದಕ್ಕೆ ಒಂದು ದಿನ ಗೊತ್ತು ಮಾಡಿ, ಕ್ಯಾಲೆಂಡರ್ ಮೇಲೆ ಬರೆದಿಡಿ.