ಸೊಂಟದ ಪಿಸ್ತೂಲು: ಸುರಕ್ಷತೆಯ ಒಂದು ಇತಿಹಾಸ



ವೈದ್ಯನೊಬ್ಬನು ಆಯುಧದ ವಿಷಯವಾಗಿ ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ಗಾಯವನ್ನು ಹೊಲಿದವನಿಗೆ ಗುಂಡು ಏಕೆ ಹಾರಿತೆಂಬ ಪ್ರಶ್ನೆ ಕಾಡದಿರಲಾರದು.

ನಾನು ಕರ್ನಾಟಕದ ಆಸ್ಪತ್ರೆಯೊಂದರಲ್ಲಿ ಹೌಸ್‌ಸರ್ಜನ್ ಆಗಿದ್ದಾಗ ಒಂದು ರಾತ್ರಿ ನಿವೃತ್ತ ಸೈನಿಕರೊಬ್ಬರನ್ನು ಕರೆತಂದರು. ಪಿಸ್ತೂಲನ್ನು ಶುಚಿಗೊಳಿಸುವಾಗ ಹಾರಿದ ಗುಂಡು ಅವರ ತೊಡೆಯನ್ನು ಹಾದುಹೋಗಿತ್ತು. ಪ್ರಧಾನ ರಕ್ತನಾಳ ಬೆರಳಗಲದ ಅಂತರದಲ್ಲಿ ಉಳಿದಿತ್ತು. "ಖಾಲಿಯಾಗಿತ್ತು ಡಾಕ್ಟ್ರೇ, ನಾನೇ ಖಾಲಿ ಮಾಡಿದ್ದೆ" ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಅವರು ಸುಳ್ಳಾಡುತ್ತಿರಲಿಲ್ಲ. ಅದನ್ನು ಅರಿಯಲು ಈ ಆಯುಧದ ರಚನೆಯನ್ನು ಅರಿಯಬೇಕು.

ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ತೋಟಾಗಳಿಗೆ ಎರಡು ಮನೆಗಳು: ಹಿಡಿಯೊಳಗಿನ ಮ್ಯಾಗಜೀನು, ನಳಿಗೆಯ ಬುಡದ ಚೇಂಬರು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಒಂದು ತೋಟಾ ಮೊದಲನೆಯ ಮನೆಯಿಂದ ಎರಡನೆಯದಕ್ಕೆ ಏರುತ್ತದೆ, ಹ್ಯಾಮರೂ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಸಿಂಗಲ್ ಆ್ಯಕ್ಷನ್ ಬಗೆಯಲ್ಲಿ ಟ್ರಿಗರಿಗೆ ಉಳಿಯುವುದು ಒಂದೇ ಕೆಲಸ, ನಿಂತ ಹ್ಯಾಮರನ್ನು ಬಿಡುಗಡೆ ಮಾಡುವುದು. ಆದ್ದರಿಂದ ಅದರ ಎಳೆತ ಹಗುರ. ಗುರಿಗೆ ಅದು ವರವಾದರೆ, ಸೊಂಟಕ್ಕೆ ಅದೇ ಭಯ.

ಈ ಭಯಕ್ಕೆ ಉತ್ತರ ಹುಡುಕಿದ ಕಥೆಯಲ್ಲಿ 1911 ಮುಖ್ಯವಾದ ವರ್ಷ. ಜನವರಿಯಲ್ಲಿ ಸಿಡ್ನಿ ಸ್ಟ್ರೀಟಿನ ಮುತ್ತಿಗೆ ನಡೆದ ಮೇಲೆ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ವೆಬ್ಲಿ ಅಂಡ್ ಸ್ಕಾಟ್ ಸ್ವಯಂಚಾಲಿತ ಪಿಸ್ತೂಲುಗಳನ್ನು ಕೊಂಡರು. ಮಾರ್ಚ್ ತಿಂಗಳಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ರಚಿಸಿದ ಕೋಲ್ಟ್ ಪಿಸ್ತೂಲನ್ನು ಸ್ವೀಕರಿಸಿತು. ಕುದುರೆಯ ಲಗಾಮು ಒಂದು ಕೈಯಲ್ಲಿರುವ ಸವಾರನು ಸಿದ್ಧವಾದ ಪಿಸ್ತೂಲನ್ನು ಇನ್ನೊಂದೇ ಕೈಯಿಂದ ಚೀಲಕ್ಕೆ ಸೇರಿಸಬೇಕಲ್ಲವೆ? ಅಶ್ವದಳದ ಈ ಅಗತ್ಯದಿಂದಲೇ ಹೆಬ್ಬೆರಳಿನ ಸೇಫ್ಟಿ ಕೀಲು ಅದಕ್ಕೆ ಬಂದಿತು. ಹಿಡಿಯನ್ನು ಅಂಗೈ ಒತ್ತದಿದ್ದರೆ ಹಾರದಂತೆ ತಡೆಯುವ ಇನ್ನೊಂದು ಕೀಲೂ ಇತ್ತು.

ಆದರೆ ಕೀಲನ್ನು ನಂಬಬೇಕೆ? ಇಲ್ಲಿ ಎರಡು ಪಂಥಗಳು ಹುಟ್ಟಿದವು. ಶಾಂಘೈ ನಗರ ಪೊಲೀಸರಿಗೆ ಶಿಕ್ಷಣವಿತ್ತ ಫೇರ್‌ಬೇರ್ನ್ ಮತ್ತು ಸೈಕ್ಸ್ ನಂಬಲಿಲ್ಲ. ಅವರು ಸೇಫ್ಟಿಯನ್ನು ಕೆಲಸ ಮಾಡದಂತೆ ಬಿಗಿದು, ಚೇಂಬರನ್ನು ಬರಿದಾಗಿಟ್ಟು ಒಯ್ಯಿರಿ, ಹೊರತೆಗೆದಾಗಲೇ ಸ್ಲೈಡನ್ನು ಎಳೆಯಿರಿ ಎಂದು ಬೋಧಿಸಿದರು. 1942ರ ತಮ್ಮ ಪುಸ್ತಕದಲ್ಲಿಯೂ ಅದನ್ನೇ ಬರೆದರು. ಅಮೆರಿಕದ ಜೆಫ್ ಕೂಪರ್ ಇದಕ್ಕೆ ವಿರುದ್ಧವಾಗಿ, ಚೇಂಬರು ತುಂಬಿ, ಹ್ಯಾಮರು ಎದ್ದು, ಸೇಫ್ಟಿ ಬಿದ್ದಿರುವುದೇ ಯುಕ್ತವೆಂದರು. ಹಾಗೆ ಹೇಳುವಾಗಲೂ ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕೆಂಬುದು ಅವರ ಕಟ್ಟಳೆ. ಒಂದು ಮಾರ್ಗ ಕ್ಷಣಾರ್ಧದ ವಿಳಂಬವನ್ನು ಒಪ್ಪಿಕೊಂಡಿತು. ಇನ್ನೊಂದು ಜೀವಮಾನದ ಅಭ್ಯಾಸವನ್ನು ಬೇಡಿತು. ತುಂಬಿದ ಚೇಂಬರಿನ ಮೇಲೆ ಹ್ಯಾಮರನ್ನು ಹೆಬ್ಬೆರಳಿನಿಂದ ಇಳಿಸುವ ಮೂರನೆಯ ದಾರಿಯೇ ಅಪಾಯದ್ದು. ಬೆರಳು ಜಾರಿದರೆ ಗುಂಡು ಹಾರಿತು.

ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಬಳಿಕ ಬೆಲ್ಜಿಯಮ್ಮಿನ ಸೈವ್ ಎಂಬವರು ಪೂರ್ಣಗೊಳಿಸಿದ ಹೈ‌ಪವರ್ ಪಿಸ್ತೂಲು 1935ರಲ್ಲಿ ಬಂದಿತು. ಫ್ರೆಂಚ್ ಸೇನೆ ವಿಧಿಸಿದ್ದ ಷರತ್ತಿನಿಂದಾಗಿ, ಮ್ಯಾಗಜೀನನ್ನು ಕಳಚಿದರೆ ಟ್ರಿಗರು ಕೆಲಸ ಮಾಡದ ವ್ಯವಸ್ಥೆ ಅದರಲ್ಲಿತ್ತು. ಬ್ರಿಟಿಷ್ ಸೇನೆ ಇದನ್ನೇ ದಶಕಗಳ ಕಾಲ ಬಳಸಿ, 2013ರಲ್ಲಿ ಗ್ಲಾಕ್ ಪಿಸ್ತೂಲಿಗೆ ಬದಲಾಯಿತು. ಭಾರತದಲ್ಲಿ ಇಷಾಪುರದ ರೈಫಲ್ ಕಾರ್ಖಾನೆ ಇದರ ಪ್ರತಿಯನ್ನು ತಯಾರಿಸಿತು. ಹೀಗೆ ನಮ್ಮ ಎರಡೂ ದೇಶಗಳ ಯೋಧರ ಸೊಂಟದಲ್ಲಿ ಒಂದೇ ಯಂತ್ರವಿತ್ತು.

ನಮ್ಮ ರೋಗಿಯ ಪಿಸ್ತೂಲಿನಲ್ಲಿ ಆ ವ್ಯವಸ್ಥೆ ಇರಲಿಲ್ಲ. ಅವರು ಮೊದಲು ಸ್ಲೈಡನ್ನು ಎಳೆದು ಚೇಂಬರಿನ ತೋಟಾವನ್ನು ಹೊರಹಾಕಿದ್ದರು. ಅನಂತರ ಮ್ಯಾಗಜೀನನ್ನು ಕಳಚಿದ್ದರು. ಈ ನಡುವೆ ಹೊಸದೊಂದು ತೋಟಾ ಸದ್ದಿಲ್ಲದೆ ಒಳಸೇರಿತ್ತು. ಮೊದಲು ಮ್ಯಾಗಜೀನು, ಬಳಿಕ ಸ್ಲೈಡು, ಕೊನೆಗೆ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷೆ: ಇದು ಸರಿಯಾದ ಕ್ರಮ. ಅವರು ಎರಡೂ ಕೆಲಸ ಮಾಡಿದ್ದರು, ಕ್ರಮ ಮಾತ್ರ ತಲೆಕೆಳಗಾಗಿತ್ತು. ಕಣ್ಣಿಟ್ಟು ನೋಡಿದ್ದರೆ ಆ ತಪ್ಪೂ ತಿಳಿಯುತ್ತಿತ್ತು.

ನಾವಿರುವ ಈ ನಾಡು ಸುರಕ್ಷತೆಯನ್ನು ಕೊನೆಗೆ ಕಾನೂನಿಗೆ ಒಪ್ಪಿಸಿತು. 1996ರ ಮಾರ್ಚ್ 13ರಂದು ಡನ್‌ಬ್ಲೇನಿನ ಶಾಲೆಯಲ್ಲಿ 16 ಮಕ್ಕಳೂ ಅವರ ಉಪಾಧ್ಯಾಯಿನಿಯೂ ಹತರಾದರು. ಹಂತಕನು ತಂದಿದ್ದ ಆಯುಧಗಳಲ್ಲಿ ಬ್ರೌನಿಂಗ್ ಪಿಸ್ತೂಲುಗಳೂ ಇದ್ದವು, ಅವು ಪರವಾನಗಿ ಪಡೆದವು. ಅಲ್ಲಿ ಯಾವ ಕೀಲೂ ಕೆಟ್ಟಿರಲಿಲ್ಲ, ಕೆಟ್ಟದ್ದು ಮನಸ್ಸು. 1997ರ ಎರಡು ಕಾಯಿದೆಗಳು ಇಲ್ಲಿನ ಖಾಸಗಿ ಜನರ ಕೈಯಿಂದ ಇಂಥ ಪಿಸ್ತೂಲುಗಳನ್ನು ಹಿಂತೆಗೆದುಕೊಂಡವು.

ನಮ್ಮ ಕೊಡಗಿನ ದಾರಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ಮನೆಗಳಲ್ಲಿ ಆಯುಧದ ಭಯಭಕ್ತಿ ಹಿರಿಯರಿಂದ ಕಿರಿಯರಿಗೆ ಹರಿದುಬಂದಿದೆ. ಕಾನೂನು ಬೇಲಿ ಕಟ್ಟಬಲ್ಲುದು, ಸಂಪ್ರದಾಯ ಸಂಸ್ಕಾರ ಕಲಿಸಬಲ್ಲುದು. ಆದರೂ ಕೊನೆಯ ಕ್ಷಣದಲ್ಲಿ ಉಳಿಯುವುದು ಒಂದು ಕೈ, ಒಂದು ಬೆರಳು.

ತಮ್ಮಲ್ಲಿ ಅನೇಕರು ಮಕ್ಕಳೊಡನೆ ರಜೆಗೆ ಊರಿಗೆ ಹೋಗುವವರು. ಗೋಡೆಯ ಮೇಲಿನ ಕೋವಿಯನ್ನೋ ಮಾವನ ಹಳೆಯ ಪಿಸ್ತೂಲನ್ನೋ ಕಂಡು ಮಗು ಕೈಚಾಚಿದಾಗ, "ಅದು ಖಾಲಿ, ಬಿಡಿ" ಎಂದು ಯಾರಾದರೂ ಹೇಳಿಯಾರು. ಆ ಮಾತನ್ನು ದಯವಿಟ್ಟು ನಂಬಬೇಡಿ. ಅದನ್ನು ನಂಬಿದ್ದವರೊಬ್ಬರ ತೊಡೆಗೆ ನಾನು ಹೊಲಿಗೆ ಹಾಕಿದ್ದೇನೆ.