ಹುಡುಕಿದ್ದು ಯಾವ ‘ಕೆರೆ’?

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಅಚ್ಚಾದದ್ದು 1886ರಲ್ಲಿ. ನೂರು ವರ್ಷಗಳಿಗೂ ಹೆಚ್ಚು ಕಾಲ ಆ ಶಾಸನ ಸಂಪುಟಗಳನ್ನು ಓದಬೇಕಾದವರು ಅವು ಇರುವ ಗ್ರಂಥಾಲಯಕ್ಕೇ ಹೋಗಬೇಕಿತ್ತು. ಇಂದು ಅವು ಬಿಡಿಗಾಸಿಲ್ಲದೆ ನನ್ನ ಫೋನಿಗೇ ಸಿಗುತ್ತವೆ.

ಈ ಸ್ಥಿತಿ ಒಮ್ಮೆಲೇ ಬಂದದ್ದಲ್ಲ. ಕನ್ನಡ ಅಂತರಜಾಲಕ್ಕೆ ಕಾಲಿಟ್ಟ ದಿನಗಳಲ್ಲಿ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್ ಬೇಕಿತ್ತು. ಪರದೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಒಳಗೆ ಇದ್ದುದು ರೋಮನ್ ಅಕ್ಷರಗಳ ಸಂಕೇತ. ಹಾಗಾಗಿ ಇದ್ದ ಬರಹವೂ ಹುಡುಕಿದರೆ ಸಿಗುತ್ತಿರಲಿಲ್ಲ. ಯುನಿಕೋಡ್ ಈ ತೊಡಕನ್ನು ಬಿಡಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅದೇ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಆದರೆ ಪುಟಗಳೆಲ್ಲ ಬರೀ ಚಿತ್ರಗಳು. ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಅದೂ ಅಂಕೆಯಿಲ್ಲದ ಕಾಗುಣಿತದಲ್ಲಿ. ಆ ತಾಣ ನಿಂತುಹೋದರೂ ಅದರ ಬಹಳಷ್ಟು ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಈಗ ಓಸಿಆರ್ ತಂತ್ರಾಂಶ ಆ ಚಿತ್ರಗಳಲ್ಲಿನ ಅಕ್ಷರಗಳನ್ನೂ ಓದುತ್ತದೆ.

ನಾನು ಎಡವಿದ್ದು ಇಲ್ಲೇ. ಕೆರೆಗಳನ್ನು ಕುರಿತ ಅಧ್ಯಾಯಕ್ಕಾಗಿ ‘ಕೆರೆ’ ಎಂದು ಟೈಪಿಸಿ ಹುಡುಕಿದೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ‘ಈ ಭಾಗದ ಶಾಸನಗಳಲ್ಲಿ ಕೆರೆಯ ಉಲ್ಲೇಖ ವಿರಳ’ ಎಂದು ಬರೆದೂಬಿಟ್ಟೆ. ಕರಡು ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಕೆರೆ ಹುಡುಕಿದ್ರಿ?”

ಹಳಗನ್ನಡದಲ್ಲಿ ಅದು ‘ಕೆಱೆ’. ನಾವು ಬಳಕೆಯಿಂದ ಬಿಟ್ಟ ಆ ಶಕಟರೇಫವನ್ನು ನಾನು ಟೈಪಿಸಿರಲಿಲ್ಲ. ತಂತ್ರಾಂಶವೂ ಅದನ್ನು ಬೇರೆ ಅಕ್ಷರವೆಂದು ಓದುವುದುಂಟು. ಇಂಗ್ಲಿಷ್ ಅನುವಾದದ ಪುಟಗಳಲ್ಲಿ ಅದೇ ಕೆರೆ ‘ಟ್ಯಾಂಕ್’ ಆಗಿತ್ತು. ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿಯ ದತ್ತಿ ‘ಬಿತ್ತುವಟ್ಟ’ ಎಂಬ ಹೆಸರಿನಲ್ಲಿರಬಹುದೆಂದೂ ನನಗೆ ಹೊಳೆದಿರಲಿಲ್ಲ.

ಪುಟಪುಟವಾಗಿ ಓದಲು ಕುಳಿತೆ. ‘ವಿರಳ’ ಎಂಬ ಪದವನ್ನು ಹೊಡೆದುಹಾಕಬೇಕಾಯಿತು.

ಗ್ರಂಥಾಲಯದಲ್ಲಿ ಪುಸ್ತಕ ಸಿಗದಿದ್ದರೆ ‘ನನಗೆ ಸಿಗಲಿಲ್ಲ’ ಎನ್ನುತ್ತಿದ್ದೆವು. ಪರದೆ ಸೊನ್ನೆ ತೋರಿಸಿದರೆ ‘ಇಲ್ಲವೇ ಇಲ್ಲ’ ಎಂದು ನಂಬುತ್ತೇವೆ. ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ನಾನು ಋಣಿ. ಆದರೆ ಈಗ ಹುಡುಕುವ ಮೊದಲು, ಒಂದು ಪದವನ್ನು ಅಂದಿನವರು ಹೇಗೆಲ್ಲ ಬರೆದಿರಬಹುದು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳುತ್ತೇನೆ.