ಸಕ್ಕರೆ ಡಬ್ಬಿಯ ಚರಿತ್ರೆ

ನಮ್ಮ ಅಡುಗೆಮನೆಗಳಲ್ಲಿ ಸಕ್ಕರೆ ಡಬ್ಬಿ ಒಲೆಯ ಪಕ್ಕಕ್ಕೆ, ಕೈಗೆ ಎಟುಕುವ ಜಾಗಕ್ಕೆ ಬಂದು ಕುಳಿತು ಎಷ್ಟು ಕಾಲವಾಗಿರಬಹುದು? ಅದೂ ಉಪ್ಪಿನಷ್ಟೇ ಹಳೆಯದೆಂದು ಬಹಳ ಜನ ತಿಳಿದಿದ್ದಾರೆ. ನನ್ನ ತರಗತಿಯ ಮಕ್ಕಳನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ಆದರೆ ದಿನಬಳಕೆಯ ಪದಾರ್ಥವಾಗಿ ಸಕ್ಕರೆಯು ಹಳೇ ಮೈಸೂರು ಸೀಮೆಯ ಸಾಮಾನ್ಯರ ಮನೆಗಳನ್ನು ಹೊಕ್ಕು ಇನ್ನೂ ನೂರು ವರ್ಷವೂ ಆಗಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು ನಾನು. ಮನೆಯಲ್ಲಿ ಸಕ್ಕರೆ ಕಡಿಮೆ ಮಾಡಬೇಕೆಂದು ಹೊರಟಾಗ, ಅದು ಬಂದ ದಾರಿಯನ್ನು ಮೊದಲು ತಿಳಿದುಕೊಳ್ಳೋಣ ಎನ್ನಿಸಿತು. ಬಂದ ದಾರಿ ಗೊತ್ತಿದ್ದರೆ ಕಳಿಸುವ ದಾರಿಯೂ ಹೊಳೆಯುತ್ತದೆ.

ಕಬ್ಬು ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಕಬ್ಬಿನ ಹಾಲಿನಿಂದ ಆಗುವ ಪದಾರ್ಥಗಳ ಪಟ್ಟಿಯೇ ಇದೆ. ಶರ್ಕರಾ ಎಂದರೆ ಮೂಲದಲ್ಲಿ ಹರಳು, ನೊರಜುಗಲ್ಲು. ಅದೇ ನಮ್ಮಲ್ಲಿ ಸಕ್ಕರೆಯಾಯಿತು. ಪರ್ಷಿಯಾ, ಅರಬ್ಬೀ ನಾಡುಗಳನ್ನು ದಾಟಿ ಯುರೋಪಿಗೆ ಹೋಗಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಪಾನಕಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅದೇ ಶತಮಾನದಲ್ಲಿ ಪುರಂದರದಾಸರು ಭಗವಂತನ ನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ ಹಾಡಿದರು. ಅಪರೂಪದ ವಸ್ತುವಾದ್ದರಿಂದಲೇ ಅಲ್ಲವೇ ಆ ಹೋಲಿಕೆಗೆ ಬೆಲೆ ಬಂದದ್ದು? ಬಡವರ ಮನೆಗೆ ಸಿಹಿ ಎಂದರೆ ಬೆಲ್ಲ. ಅದೂ ಹಬ್ಬ ಹರಿದಿನಕ್ಕೆ. ನಮ್ಮ ಹಳೆಯ ಹಬ್ಬಗಳನ್ನೇ ನೋಡಿ. ಯುಗಾದಿಗೆ ಬೇವು ಬೆಲ್ಲ, ರಾಮನವಮಿಗೆ ಬೆಲ್ಲದ ಪಾನಕ, ಸಂಕ್ರಾಂತಿಗೆ ಎಳ್ಳು ಬೆಲ್ಲ. ಸಂಕ್ರಾಂತಿಯ ತಟ್ಟೆಯಲ್ಲಿ ಮಾತ್ರ ಸಕ್ಕರೆ ಅಚ್ಚು ಗಿಳಿಯಾಗಿ, ಗೋಪುರವಾಗಿ ನಿಲ್ಲುತ್ತಿತ್ತು. ಅದನ್ನು ತಿನ್ನುವುದಕ್ಕಿಂತ ನೋಡಿ ಸಂತೋಷಪಡುವುದೇ ಹೆಚ್ಚಾಗಿತ್ತು.

ನನ್ನ ತವರು ಮಂಡ್ಯದ ಕಡೆಯ ಒಂದು ಹಳ್ಳಿ. ನಮ್ಮಜ್ಜಿ ಆ ಊರಿಗೆ ಸೊಸೆಯಾಗಿ ಬಂದಾಗ ಅಲ್ಲಿ ರಾಗಿ, ಹುರುಳಿ ಬೆಳೆಯುವ ಬೆದ್ದಲೇ ಹೆಚ್ಚಂತೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಇಪ್ಪತ್ತು ವರ್ಷ ನಡೆಯಿತು. ನಾಲೆಯಲ್ಲಿ ನೀರು ಬಂತು. ನೀರಿನ ಹಿಂದೆಯೇ ಕಬ್ಬು ಬಂತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ನೆಲೆಗೊಂಡಿತು. ಅಲ್ಲಿಯವರೆಗೆ ನಮ್ಮ ದೇಶದ ಪೇಟೆಗಳಲ್ಲಿ ಸಿಗುತ್ತಿದ್ದ ಬಿಳಿ ಸಕ್ಕರೆಯಲ್ಲಿ ದೊಡ್ಡ ಪಾಲು ಜಾವಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿತ್ತು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕಿದ ಮೇಲೆ, ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ಐದೇ ವರ್ಷದಲ್ಲಿ ನೂರಮೂವತ್ತನ್ನು ದಾಟಿದವು. 1912ರಲ್ಲಿ ಶುರುವಾದ ಕೊಯಮತ್ತೂರಿನ ಸಂಶೋಧನಾ ಕೇಂದ್ರ ಹೊಸ ಹೊಸ ಕಬ್ಬಿನ ತಳಿಗಳನ್ನು ಕೊಟ್ಟಿತು. ಅಲ್ಲಿ 1930ರ ದಶಕದಲ್ಲಿ ಕೆಲಸ ಮಾಡಿದವರಲ್ಲಿ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಒಬ್ಬರು. ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಆಕೆ ಕಬ್ಬಿನ ವಂಶವಾಹಿಗಳ ಅಧ್ಯಯನ ಮಾಡುತ್ತಿದ್ದರು. ನನ್ನ ವಿದ್ಯಾರ್ಥಿನಿಯರಿಗೆ ಈ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ.

ಇಷ್ಟಾದರೂ ಸಕ್ಕರೆ ಒಂದೇ ಏಟಿಗೆ ಎಲ್ಲರದಾಗಲಿಲ್ಲ. ನಮ್ಮ ಹೊಲದ ಕಬ್ಬು ಗಾಡಿಯೇರಿ ಕಾರ್ಖಾನೆಗೆ ಹೋಗುತ್ತಿತ್ತು. ಸಕ್ಕರೆ ಮಾತ್ರ ಚೀಟಿ ಹಿಡಿದು ನಿಂತವರಿಗೆ ಅಳತೆಯಲ್ಲಿ ಬರುತ್ತಿತ್ತು. 1967ರಲ್ಲಿ ಎರಡು ಬೆಲೆಯ ಪದ್ಧತಿ ಜಾರಿಗೆ ಬಂತು. ಕಾರ್ಖಾನೆಗಳು ಒಂದು ಪಾಲನ್ನು ಸರ್ಕಾರಕ್ಕೆ ಲೆವಿಯಾಗಿ ಕೊಡಬೇಕು, ಉಳಿದದ್ದನ್ನು ಪೇಟೆಯಲ್ಲಿ ಮಾರಬಹುದು. ಲೆವಿ ಸಕ್ಕರೆ ರೇಷನ್ ಅಂಗಡಿಗೆ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಕಾರ್ಡು, ಚೀಲ ಹಿಡಿದು ಆ ಸಾಲಿನಲ್ಲಿ ನಿಂತ ನೆನಪು ನನ್ನ ವಯಸ್ಸಿನವರಿಗೆಲ್ಲ ಇದ್ದೇ ಇರುತ್ತದೆ. ಆ ಸಕ್ಕರೆಗೆ ನಮ್ಮ ಮನೆಯಲ್ಲಿ ಭಾರಿ ಮರ್ಯಾದೆ. ಅಟ್ಟದ ಮೇಲಿನ ಡಬ್ಬಿಯಲ್ಲಿ ಅದರ ವಾಸ. ನೆಂಟರು ಬಂದರೆ ಸಕ್ಕರೆ ಕಾಫಿ, ಅಪ್ಪನಿಗೆ ಸಕ್ಕರೆ ಕಾಫಿ. ಅಜ್ಜಿ, ಅಮ್ಮ, ಕೆಲಸದವರು, ಮಕ್ಕಳು, ನಮಗೆಲ್ಲ ಬೆಲ್ಲದ ಕಾಫಿ. ಅಜ್ಜಿಯ ಕಾಲದಲ್ಲಿ ಬಿಸಿಲಿನಿಂದ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ಚೆಂಬು ನೀರು ಕೊಟ್ಟರೆ ಅದೇ ಉಪಚಾರವಾಗಿತ್ತು. ಅಮ್ಮನ ಕಾಲಕ್ಕೆ ಬೆಲ್ಲ ಕೊಡುವುದು ನಾಚಿಕೆಯಾಯಿತು. ಎರಡು ತಲೆಮಾರಿನೊಳಗೆ ಸಕ್ಕರೆ ಮನೆಯ ಅಂತಸ್ತನ್ನು ತೋರಿಸುವ ವಸ್ತುವಾಯಿತು.

ಎಂಬತ್ತರ ದಶಕ ಕಳೆಯುವ ಹೊತ್ತಿಗೆ ಪೇಟೆಯಲ್ಲಿ ಸಕ್ಕರೆ ಧಾರಾಳವಾಗಿ ಸಿಗತೊಡಗಿತು. ಡಬ್ಬಿ ಅಟ್ಟದಿಂದ ಇಳಿದು ಒಲೆಯ ಪಕ್ಕಕ್ಕೆ ಬಂತು. 2013ರಲ್ಲಿ ಲೆವಿಯೇ ರದ್ದಾಯಿತು. ಸಿಹಿ ಮಾಡಲು ಹಬ್ಬ ಬೇಕಾಗಲಿಲ್ಲ. ಭಾನುವಾರ ಸಜ್ಜಿಗೆ, ಮಕ್ಕಳ ಹಾಲಿಗೆ ಎರಡು ಚಮಚ, ಸಂಜೆ ಬಿಸ್ಕತ್ತು, ಹುಟ್ಟುಹಬ್ಬಕ್ಕೆ ಕೇಕು. ಕೊರತೆಯಲ್ಲಿ ಬೆಳೆದ ನಮ್ಮ ಅಮ್ಮಂದಿರಿಗೆ ಮಕ್ಕಳ ಕೈಗೆ ಸಿಹಿ ಕೊಡುವುದೇ ಪ್ರೀತಿ ತೋರಿಸುವ ರೀತಿಯಾಯಿತು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆದರೆ ನಮ್ಮಮ್ಮನ ವಿಷಯ ಹೇಳಲೇಬೇಕು. ಐವತ್ತು ತುಂಬುವ ಮೊದಲೇ ಆಕೆಗೆ ಸಕ್ಕರೆ ಕಾಯಿಲೆ ಬಂತು. ಈ ಕಾಯಿಲೆಗೆ ಸಕ್ಕರೆಯೊಂದೇ ಕಾರಣವಲ್ಲ ಎಂಬುದು ನನಗೆ ಗೊತ್ತಿದೆ. ವಂಶ, ಮೈತೂಕ, ನಡೆದಾಡದ ಬದುಕು, ಮೂರು ಹೊತ್ತೂ ಬಿಳಿ ಅನ್ನ, ಎಲ್ಲವೂ ಸೇರಿರುತ್ತವೆ. ಆದರೂ ಅಮ್ಮನ ಊಟದ ರೀತಿಯನ್ನು ನೆನೆದರೆ ಸಂಕಟವಾಗುತ್ತದೆ. ಆಕೆ ಎಲ್ಲರ ಕೊನೆಗೆ ಕೂರುವವಳು. ಪಾತ್ರೆಯ ತಳದ ಪಾಯಸ, ಮಕ್ಕಳು ಬಿಟ್ಟ ಅರ್ಧ ಹೋಳಿಗೆ, ಹಳಸಿಹೋದೀತೆಂಬ ಹೆದರಿಕೆಗೆ ಮಾರನೆಯ ದಿನದ ಸಜ್ಜಿಗೆ, ಇವೆಲ್ಲ ಆಕೆಯ ಪಾಲು. ‘ಚೆಲ್ಲಬಾರದು’ ಎಂಬ ಒಂದು ಮಾತಿನಲ್ಲಿ ಎಷ್ಟು ಸಕ್ಕರೆ ಒಳಗೆ ಹೋಯಿತೋ! ಕಾಲಿನ ಒಂದು ಗಾಯ ಮಾಯದೆ ಬೆರಳು ತೆಗೆಸಬೇಕಾಯಿತು. ಆಮೇಲೂ ಆಕೆ ಕುಂಟುತ್ತಲೇ ನಮಗೆಲ್ಲ ಮೈಸೂರುಪಾಕು ಮಾಡಿ ಕೊಟ್ಟಳು, ತಾನು ಮುಟ್ಟಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆಯಿದೆ. ನನ್ನ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ‘ಇನ್ನೂ ಬಂದಿಲ್ಲಮ್ಮ, ಹೊಸಿಲಲ್ಲಿ ನಿಂತಿದೆ’ ಎಂದರು. ಒಳಗೆ ಕರೆಯುವುದೋ ಬಿಡುವುದೋ ಎಂಬ ಪ್ರಶ್ನೆ ನನ್ನ ಮುಂದಿತ್ತು.

ಮನೆಯ ಸಕ್ಕರೆ ಕಡಿಮೆ ಮಾಡುವುದು ಹೆಂಗಸರ ಸಣ್ಣ ವಿಷಯವೆಂದು ಯಾರಾದರೂ ನಕ್ಕರೆ, ಅವರಿಗೆ ಇಂಗ್ಲೆಂಡಿನ ಒಂದು ಕಥೆ ಹೇಳುತ್ತೇನೆ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ವೆಸ್ಟ್ ಇಂಡೀಸಿನ ತೋಟಗಳಲ್ಲಿ ದುಡಿದು ಮಾಡಿದ ಸಕ್ಕರೆಯನ್ನು ಇಂಗ್ಲೆಂಡಿನ ಮನೆಮನೆಯಲ್ಲೂ ಚಹಾಕ್ಕೆ ಬೆರೆಸಿ ಕುಡಿಯುತ್ತಿದ್ದರು. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಅಲ್ಲಿಯ ಪಾರ್ಲಿಮೆಂಟು ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಚಿಕ್ಕ ಪುಸ್ತಿಕೆ ಬರೆದು ಮನೆಲೆಕ್ಕವನ್ನೇ ಮುಂದಿಟ್ಟ. ವಾರಕ್ಕೆ 5 ಪೌಂಡು ಸಕ್ಕರೆ ಬಳಸುವ ಸಂಸಾರ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ಅಥವಾ ಸಾಯುವುದು ತಪ್ಪುತ್ತದೆ ಎಂದು ಆತನ ವಾದ. ಮತದಾನದ ಹಕ್ಕಿಲ್ಲದಿದ್ದರೂ ಹೆಂಗಸರ ಕೈಯಲ್ಲಿ ಸಕ್ಕರೆ ಬಟ್ಟಲಿತ್ತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. 1820ರ ದಶಕದಲ್ಲಿ ಲೆಸ್ಟರ್ ಊರಿನ ಎಲಿಜಬೆತ್ ಹೆಯ್ರಿಕ್ ಎಂಬಾಕೆ ಈ ಬಹಿಷ್ಕಾರಕ್ಕೆ ಮತ್ತೆ ಜೀವ ತುಂಬಿದಳು, ಮನೆಮನೆಗೆ ಹೋಗಿ ಪ್ರಚಾರ ಮಾಡಿದಳು. ಕೆಲವರು ಗುಲಾಮರು ಮಾಡಿರದ ಇಂಡಿಯಾದ ಸಕ್ಕರೆ ಇದು ಎಂದು ಬರೆಸಿದ ಬಟ್ಟಲುಗಳನ್ನು ಮೇಜಿನ ಮೇಲೆ ಇಡುತ್ತಿದ್ದರು. ಗುಲಾಮರ ವ್ಯಾಪಾರ 1807ರಲ್ಲಿ ನಿಷೇಧವಾಯಿತು, ಗುಲಾಮಗಿರಿಯನ್ನು ರದ್ದುಮಾಡುವ ಕಾಯಿದೆ 1833ರಲ್ಲಿ ಬಂತು. ಇದೆಲ್ಲ ಸಕ್ಕರೆ ಬಿಟ್ಟವರಿಂದಲೇ ಆಯಿತೆಂದಲ್ಲ. ತೋಟಗಳಲ್ಲಿ ಗುಲಾಮರೇ ದಂಗೆಯೆದ್ದಿದ್ದರು. ಆದರೂ ಅಡುಗೆಮನೆಯಿಂದ ಹೊರಟ ದನಿ ಪಾರ್ಲಿಮೆಂಟಿನ ಬಾಗಿಲನ್ನು ತಟ್ಟಿದ್ದು ನಿಜ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಗುಲಾಮರ ಜಾಗಕ್ಕೆ ಕರಾರು ಕೂಲಿಗಳಾಗಿ ನಮ್ಮ ದೇಶದ ಬಡವರೇ ಹೋದರು. 1834ರಿಂದ ಮಾರಿಷಸ್, ಆಮೇಲೆ ಟ್ರಿನಿಡಾಡ್, ಫಿಜಿ. ಎಲ್ಲ ಕಡೆಯೂ ಕಬ್ಬಿನ ಗದ್ದೆಯೇ. ದೂರದ ಮಾತೇಕೆ? ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿವರ್ಷ ಕಬ್ಬು ಕಡಿಯಲು ಗಂಡ ಹೆಂಡತಿ ಜೋಡಿಯಾಗಿ ಹೊರಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಗದ್ದೆಗಳಿಗೂ ಬರುತ್ತಾರೆ. ಆ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆಂದು 2019ರಲ್ಲಿ ಅಲ್ಲಿಯ ಸರ್ಕಾರ ನೇಮಿಸಿದ ಸಮಿತಿ ಕಂಡುಕೊಂಡಿತು. ಒಂದು ದಿನ ರಜೆ ಹಾಕಿದರೂ ಮುಕ್ಕಾದಮನಿಗೆ ದಂಡ ಕಟ್ಟಬೇಕು. ಬಚ್ಚಲಿಲ್ಲ, ಮರೆಯಿಲ್ಲ, ತಿಂಗಳ ಮೂರು ದಿನವೂ ಬಿಡುವಿಲ್ಲ. ಇದನ್ನು ಓದಿದ ದಿನ ನನಗೆ ಕಾಫಿ ಸೇರಲಿಲ್ಲ. ನಾವು ಎರಡು ಕಿಲೋ ಕಡಿಮೆ ಕೊಂಡರೆ ಅವರ ಬದುಕು ಹಸನಾಗುವುದಿಲ್ಲ. ಅದಕ್ಕೆ ಕೂಲಿಯ ಕಾನೂನು, ಸಂಘಟನೆ ಬೇಕು. ಆದರೆ ತಿನ್ನುವ ಪದಾರ್ಥದ ಹಿಂದೆ ಯಾರ ಮೈಬೆವರಿದೆ ಎಂದು ತಿಳಿದಿದ್ದರೆ ಅದನ್ನು ಅನಾವಶ್ಯಕವಾಗಿ ಸುರಿಯಲು ಕೈ ಬರುವುದಿಲ್ಲ.

ಫಾಕ್ಸ್ ಮಾಡಿದ ಹಾಗೆ ನಾನೂ ಮನೆಲೆಕ್ಕ ಹಾಕಿದೆ. ಮನೆಯಲ್ಲಿ ನಾಲ್ವರು: ಅತ್ತೆ, ಯಜಮಾನರು, ಮಗ, ನಾನು. ತಿಂಗಳಿಗೆ 5 ಕಿಲೋ ಸಕ್ಕರೆ. ಮೂವತ್ತು ದಿನಕ್ಕೆ, ನಾಲ್ಕು ತಲೆಗೆ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 41 ಗ್ರಾಮಿಗೂ ಹೆಚ್ಚು, ಅಂದರೆ ಹತ್ತು ಚಹಾ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರುವಂತೆ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ, ಆರು ಚಮಚದೊಳಗೆ ಇದ್ದರೆ ಒಳ್ಳೆಯದು. ಅದರಲ್ಲಿ ಬಿಸ್ಕತ್ತು, ಬೇಕರಿ ತಿಂಡಿ, ಬಾಟಲಿ ಪಾನೀಯ, ಜೇನು, ಎಲ್ಲವೂ ಸೇರಬೇಕು. ನಮ್ಮ ಡಬ್ಬಿಯ ಸಕ್ಕರೆಯೇ ಗಡಿ ದಾಟಿತ್ತು.

ಡಂಗುರ ಹೊಡೆದು ಮಾಡುವ ಕೆಲಸವಲ್ಲ ಇದು. ಮೊದಲು ಸಕ್ಕರೆಯನ್ನು ತಿಂಗಳಿಗೊಮ್ಮೆ ಅಳೆದು ಡಬ್ಬಿಗೆ ತುಂಬಿ, ಮಧ್ಯದಲ್ಲಿ ತರುವುದನ್ನು ನಿಲ್ಲಿಸಿದೆ. ಕಾಫಿಗೆ ಎರಡು ಚಮಚ ಇದ್ದದ್ದನ್ನು ಒಂದೂವರೆಗೆ ಇಳಿಸಿ ಹದಿನೈದು ದಿನ ಬಿಟ್ಟೆ, ಆಮೇಲೆ ಒಂದು, ಆಮೇಲೆ ಅರ್ಧ. ನಾಲಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಡಿಕಾಕ್ಷನ್ ಸ್ವಲ್ಪ ಒಳ್ಳೆಯದಾಗಿದ್ದರೆ ಸಕ್ಕರೆಯ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಭಾನುವಾರದ ಸಜ್ಜಿಗೆಯ ಜಾಗಕ್ಕೆ ಖಾರದ ಉಪ್ಪಿಟ್ಟೋ ಅವಲಕ್ಕಿಯೋ ಬಂತು. ಸಂಜೆ ಬಿಸ್ಕತ್ತಿನ ಬದಲು ಹುರಿಗಡಲೆ, ಕಡಲೆಕಾಯಿ, ಸೀಬೆಹಣ್ಣು. ಹಬ್ಬಗಳನ್ನು ಮುಟ್ಟಲಿಲ್ಲ. ಯುಗಾದಿಗೆ ಒಬ್ಬಟ್ಟು ಆಗಲೇಬೇಕು. ಆದರೆ ಎಣಿಸಿ ಮಾಡುತ್ತೇನೆ, ಉಳಿದರೆ ಅಕ್ಕಪಕ್ಕಕ್ಕೆ ಅಂದೇ ಹಂಚುತ್ತೇನೆ. ಉಳಿದದ್ದನ್ನು ತಿಂದು ಮುಗಿಸುವ ನಮ್ಮಮ್ಮನ ಕೆಲಸವನ್ನು ನಾನು ವಹಿಸಿಕೊಂಡಿಲ್ಲ.

ಅತ್ತೆಗೆ ಇದು ಮೊದಲು ಒಗ್ಗಲಿಲ್ಲ. “ಬಂದವರಿಗೆ ಸಪ್ಪೆ ಕಾಫಿ ಕೊಟ್ಟರೆ ಏನಂದುಕೊಂಡಾರು? ಬಡತನವೇನಮ್ಮ ನಮಗೆ?” ಎಂದರು. ನಾನು ವಾದಕ್ಕೆ ಹೋಗಲಿಲ್ಲ. ಬಂದವರಿಗೆ ಕಾಫಿಯನ್ನೂ ಸಕ್ಕರೆ ಬಟ್ಟಲನ್ನೂ ಬೇರೆ ಬೇರೆಯಾಗಿ ತಂದಿಟ್ಟೆ. ಹತ್ತು ಜನರಲ್ಲಿ ಆರು ಜನ “ನನಗೆ ಸಕ್ಕರೆ ಬೇಡ, ಶುಗರ್ ಇದೆ” ಎಂದರು. ಅತ್ತೆ ಅದನ್ನು ನೋಡಿ, “ಪಾಪ, ಇಷ್ಟು ದಿನ ದಾಕ್ಷಿಣ್ಯಕ್ಕೆ ಕುಡಿಯುತ್ತಿದ್ದರೇನೋ” ಎಂದು ತಾವೇ ಬಟ್ಟಲು ತಂದಿಡಲು ಶುರುಮಾಡಿದರು. “ಹಾಗಾದರೆ ಬೆಲ್ಲ ಹಾಕೇ, ಬೆಲ್ಲ ಒಳ್ಳೆಯದಲ್ಲವೇ” ಎಂಬ ಅವರ ಸಲಹೆಗೆ ಮಾತ್ರ ಡಾಕ್ಟರು ಹೇಳಿದ್ದನ್ನೇ ತಿಳಿಸಬೇಕಾಯಿತು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರಬಹುದು, ಆದರೆ ಬಹುಪಾಲು ಅದೂ ಸಕ್ಕರೆಯೇ. ರಕ್ತಕ್ಕೆ ಬಣ್ಣದ ಭೇದ ತಿಳಿಯುವುದಿಲ್ಲ. ನಮ್ಮಜ್ಜಿಯನ್ನು ಕಾಪಾಡಿದ್ದು ಬೆಲ್ಲವಲ್ಲ. ಅದನ್ನು ಅಪರೂಪಕ್ಕೆ ತಿನ್ನುತ್ತಿದ್ದದ್ದು, ಮತ್ತು ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದದ್ದು.

2025ರ ಮೇ ತಿಂಗಳಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಬೇಕೆಂದು ತಿಳಿಸಿತು. ಯಾವ ತಿಂಡಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆ ಎಂದು ಮಕ್ಕಳಿಗೆ ತೋರಿಸುವ ಫಲಕ ಅದು. ನಮ್ಮದು ರಾಜ್ಯ ಪಠ್ಯದ ಶಾಲೆಯಾದರೂ ನನ್ನ ತರಗತಿಯಲ್ಲಿ ಒಂದನ್ನು ಮಾಡಿಸಿದೆ. ಮಕ್ಕಳು ತಂಪು ಪಾನೀಯದ ಖಾಲಿ ಬಾಟಲಿ ತಂದು, ಅದರ ಮೇಲಿನ ಅಕ್ಷರ ಓದಿ, ಅಷ್ಟು ಸಕ್ಕರೆಯನ್ನು ಚಮಚದಲ್ಲಿ ಅಳೆದು ಪೊಟ್ಟಣ ಕಟ್ಟಿ ಪಕ್ಕದಲ್ಲಿ ಅಂಟಿಸಿದರು. ಒಬ್ಬ ಹುಡುಗಿ “ಮಿಸ್, ಇಷ್ಟನ್ನು ನಮ್ಮಮ್ಮ ಒಟ್ಟಿಗೆ ತಿನ್ನೋಕೆ ಬಿಡೋದೇ ಇಲ್ಲ” ಎಂದಳು.

ಈಗ ನಮ್ಮ ಮನೆಗೆ ತಿಂಗಳಿಗೆ 3 ಕಿಲೋ ಸಾಕಾಗುತ್ತದೆ. ಲೆಕ್ಕ ಹಾಕಿದರೆ ತಲೆಗೆ ಸರಿಯಾಗಿ 25 ಗ್ರಾಂ. ಹೊರಗೆ ತಿನ್ನುವುದೂ ಸೇರುವುದರಿಂದ ಇನ್ನೊಂದು ಕಿಲೋ ಇಳಿಸಬೇಕು. ಯಜಮಾನರು ಆಗಾಗ ಗೊಣಗುತ್ತಾರೆ, ಗೊಣಗಲಿ. ಓದುತ್ತಿರುವ ನೀವೂ ಈ ತಿಂಗಳ ದಿನಸಿ ಚೀಟಿಯನ್ನು ಒಮ್ಮೆ ತೆಗೆದು, ಸಕ್ಕರೆಯ ತೂಕವನ್ನು ಮನೆಯ ತಲೆಗಳಿಗೂ ದಿನಗಳಿಗೂ ಭಾಗಿಸಿ ನೋಡಿ. ಹಾಗೆ ಭಾಗಿಸುವಾಗ ಉಳಿದದ್ದನ್ನು ತಿಂದು ಮುಗಿಸುವವರು ಯಾರೆಂಬುದನ್ನೂ ಮರೆಯದೆ ಲೆಕ್ಕಕ್ಕೆ ಸೇರಿಸಿಕೊಳ್ಳಿ.